ಹಸುವಿನ ಮುತ್ತಜ್ಜಿಯನ್ನು ಹುಡುಕಿದವನು

ನನ್ನ ತಮ್ಮನ ಮಗನಿಗೆ ಸ್ವಂತ ಚಿಕ್ಕಪ್ಪ ಎದುರಿಗೆ ಬಂದರೂ ಗುರುತು ಸಿಗದು. ಹಸುವಿನ ಮುತ್ತಜ್ಜಿಯ ಗುರುತು ಮಾತ್ರ ಬೇಕು! ಮಧುರೈ ಕಾಲೇಜಿಗೆ ಕಳಿಸಿ ಓದಿಸಿದ ಫಲ.

ನಮ್ಮ ಜನ ಕನ್ನಡನಾಡು ಬಿಟ್ಟು ತಮಿಳುನಾಡಿನ ಈ ಕಂಬಂ ಕಣಿವೆಗೆ ಬರುವಾಗ ಹಸುಗಳನ್ನೂ ಹೊಡೆದುಕೊಂಡು ಬಂದರಂತೆ. ಅವುಗಳ ಸಂತತಿಯೇ ನಮ್ಮ ದೇವರ ಮಂದೆ. ಹಾಲು ಕರೆಯುವಂತಿಲ್ಲ, ನೊಗ ಹೂಡುವಂತಿಲ್ಲ. ನನ್ನ ತಮ್ಮನೇ ಪೂಜಾರಿ.

"ಅಪ್ಪಾ, ಕೂದಲಲ್ಲಿ ತಾಯಿವಂಶದ ಗುರುತು ಇರ್ತದೆ. ತಾಯಿಯಿಂದ ಮಗಳಿಗೆ, ಅವಳಿಂದ ಮೊಮ್ಮಗಳಿಗೆ ಇಳೀತದೆ. ಒಂದೊಂದು ಕೂದಲು ಕೀಳಲಾ?"

"ದೇವರ ಹಸು ಮುಟ್ಟು ನೋಡುವಾ, ಕೈ ಮುರೀತೀನಿ!"

ಬಿಟ್ಟನೇ? ತಾನಾಗಿ ಉದುರಿದ್ದಕ್ಕೆ ದೋಷವಿಲ್ಲವಲ್ಲ ಅಂತ ಚಿಮಟ ಹಿಡಿದು ಮಂದೆಯ ಹಿಂದೆಯೇ ಹೊರಟ. ಹಸು ಬೇಲಿಗೆ ಮೈ ಉಜ್ಜಿದರೆ ಇವನು ಬೇಲಿಗೆ ಮೂಗು ಇಡುವುದು! ಹನುಮಂತನಪಟ್ಟಿಯಲ್ಲಿ ದ್ರಾಕ್ಷಿ ಕೊಯ್ದು ಬರುವ ಹೆಂಗಸೊಬ್ಬಳು ಕೇಳಿದಳು:

"ಅಕ್ಕಾ, ನಿಮ್ಮ ಹುಡುಗ ಮುಳ್ಳಿನ ಜೊತೆ ಏನು ಮಾತಾಡ್ತಾನೆ?"

"ಹೆಣ್ಣು ಕೇಳ್ತಾವನೆ ಕಣೇ. ನೀನಂತೂ ಕೊಡಲ್ಲ!"

ಕೂದಲೆಲ್ಲ ಹೈದರಾಬಾದಿನ ಲ್ಯಾಬಿಗೆ ಹೋದವು. ಒಂದು ದಿನ ಎಸ್‌ಟಿಡಿ ಬೂತಿನಿಂದ ನಗುತ್ತಲೇ ಬಂದ.

"ಅತ್ತೆ, ಒಂದು ಕೂದಲು ಹಸುವಿನದೇ ಅಲ್ಲವಂತೆ, ಮನುಷ್ಯರದಂತೆ. ಹಟ್ಟಿಯ ಕಂಬಕ್ಕೆ ಒರಗಿ ತಲೆ ಬಾಚಿದ್ದು ಯಾರು?"

ಇನ್ಯಾರು, ನಾನೇ! ನಾನೂ ಮನುಷ್ಯಳು ಅಂತ ನನ್ನ ಗಂಡನಿಗೆ ಸಾಯೋವರೆಗೂ ತಿಳಿಯಲಿಲ್ಲ. ಹೈದರಾಬಾದಿನವರಿಗೆ ಒಂದೇ ಕೂದಲಲ್ಲಿ ತಿಳಿದುಹೋಯಿತು!

ಮಿಕ್ಕ ಸುದ್ದಿ ಕೇಳಲು ಸಂಜೆ ಹಿರಿಯರೆಲ್ಲ ಹಟ್ಟಿಯ ಮುಂದೆ ಸೇರಿದರು. ನಮ್ಮ ಹಸುಗಳೂ ಮೈಸೂರು ಕಡೆಯ ಹಸುಗಳೂ ಒಂದೇ ತಾಯಿವಂಶದವು ಅಂದ. ಮುದುಕರೆಲ್ಲ ಮೀಸೆ ತಿರುವಿದರು. ಅಲ್ಲಿಗೆ ಬಾಯಿ ಮುಚ್ಚಬಾರದಿತ್ತೇ? ಮದುವೆಮನೆಯಲ್ಲಿ ಸಾರಿಗೆ ಉಪ್ಪಿಲ್ಲ ಅಂತ ಕೂಗುವ ಬಾಯಿ ಅದು!

"ಕರಿಯಮ್ಮ ಒಬ್ಬಳನ್ನು ಬಿಟ್ಟು. ಅವಳ ತಾಯಿವಂಶ ಘಟ್ಟದಾಚೆ, ಕೇರಳದ್ದು."

ಕರಿಯಮ್ಮ ಮಂದೆಯ ಮುದಿ ಹಸು. ಅವಳ ಮುಖ ನೋಡದೆ ನನ್ನ ತಮ್ಮ ಗಂಜಿ ಕುಡಿಯುವವನಲ್ಲ.

"ಹಂಗಾದರೆ ಅವಳನ್ನೂ ಅವಳ ಕರುಗಳನ್ನೂ ಮಂದೆಯಿಂದ ಹೊರಗೆ ಹಾಕಿ," ಅಂದರು ಊರ ದೊಡ್ಡವರು.

ಹುಡುಗ ಗಾಬರಿಬಿದ್ದ. "ತಾತಾ, ನಾನು ಸಂಬಂಧ ಹೇಳಿದೆ. ಹೊರಗೆ ಹಾಕಿ ಅನ್ನಲಿಲ್ಲ..."

ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ನನ್ನ ತಮ್ಮ ಟವೆಲು ಕೊಡವಿ ಹೆಗಲಿಗೆ ಹಾಕಿಕೊಂಡು ಎದ್ದ.

"ನಾವು ಈ ಕಣಿವೆಗೆ ಬಂದಾಗ ಯಾರಾದರೂ ನಮ್ಮ ಕೂದಲು ಕೇಳಿದರಾ?"

ದೊಡ್ಡವರು ಹಟ್ಟಿಯ ಮುಂದಿನಿಂದ ಪಕ್ಕಕ್ಕೆ ಸರಿದು ದಾರಿ ಬಿಟ್ಟರು.

ನನ್ನ ತಮ್ಮ ಮಗನ ಕಡೆ ತಿರುಗಿದ. "ಕತ್ತಲಾಗ್ತದೆ. ಕರಿಯಮ್ಮನಿಗೆ ನೀರು ತೋರಿಸಿಕೊಂಡು ಬಾ. ಮೆಲ್ಲಗೆ ನಡೆಸು, ಅವಳಿಗೆ ಕಾಲುನೋವು."

ಅವನು ಕರೆದ. ಹೆಸರು ಅರ್ಧವೇ ಬಂತು. ಅಷ್ಟಕ್ಕೇ ಮುದುಕಿ ಎದ್ದು ಅವನ ಹಿಂದೆ ಹೊರಟಳು.