ಕುರ್ಚಿಯಿಲ್ಲದೆ ಇಂಗ್ಲಿಷ್ ಮೌಖಿಕ ಪರೀಕ್ಷೆ ನಡೆಸುವ ಬಗ್ಗೆ

ಇಂದ:
ದೈಹಿಕ ಶಿಕ್ಷಣ ಶಿಕ್ಷಕ (ಸದ್ಯಕ್ಕೆ ಇಂಗ್ಲಿಷ್ ಶಿಕ್ಷಕ, ಪ್ರಭಾರ),
ಮೈದಾನದ ಕಡೆಗೆ ಕಿಟಕಿಯಿರುವ ಕೊಠಡಿ.

ಗೆ:
ಮಾನ್ಯ ಮೌಖಿಕ ಪರೀಕ್ಷಕರು,
ಇಂಗ್ಲಿಷ್ ಭಾಷಾ ಪರೀಕ್ಷೆ, ಎಂಟನೇ ತರಗತಿ.

ಮೂಲಕ:
ನಮ್ಮ ಮುಖ್ಯೋಪಾಧ್ಯಾಯಿನಿಯವರು (ಸದರಿಯವರು ಈ ಅರ್ಜಿಯನ್ನು ಒಮ್ಮೆ ಓದಿ, ಕನ್ನಡಕ ಒರೆಸಿಕೊಂಡು, ಇನ್ನೊಮ್ಮೆ ಓದಿರುತ್ತಾರೆ).

ವಿಷಯ: ಬುಧವಾರದ ಮೌಖಿಕ ಪರೀಕ್ಷೆಯನ್ನು ಅಭ್ಯರ್ಥಿಗಳು ನಡೆಯುತ್ತಲೋ ಓಡುತ್ತಲೋ ಕೊಡಲು ಅನುಮತಿ ಕೋರಿ.

ಉಲ್ಲೇಖ:
೧. ತಮ್ಮ ಕಚೇರಿಯ 'ಅಭ್ಯರ್ಥಿಗಳಿಗೆ ಸೂಚನೆಗಳು', ಎರಡೂ ಪುಟಗಳು.
೨. ನನ್ನ ಹೆಂಡತಿಯ ಗಂಟಲು.
೩. ಕಳೆದ ಶುಕ್ರವಾರದ ಅಣಕು ಪರೀಕ್ಷೆ ಹಾಗೂ ಅಲ್ಲಿ ಉಂಟಾದ ಮೌನ.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮ ಅವಗಾಹನೆಗೆ ತರುವುದೇನೆಂದರೆ, ನಮ್ಮ ಎಂಟನೇ ತರಗತಿಯ ಮಕ್ಕಳಿಗೆ ಇಂಗ್ಲಿಷ್ ಬರುತ್ತದೆ. ಇದನ್ನು ಮೊದಲಿಗೇ ಹೇಳಿಬಿಡುವುದು ಒಳ್ಳೆಯದು. ಏಕೆಂದರೆ ಬುಧವಾರ ತಾವು ಬಂದು ಅವರನ್ನು ಕುರ್ಚಿಯ ಮೇಲೆ ಕೂರಿಸಿ ಪ್ರಶ್ನೆ ಕೇಳಿದರೆ ಈ ಸಂಗತಿ ತಮ್ಮ ಗಮನಕ್ಕೆ ಬರುವ ಸಂಭವ ತೀರಾ ಕಡಿಮೆ. ಇದಕ್ಕೆ ಕಾರಣಗಳನ್ನು ಕ್ರಮವಾಗಿ ನಿವೇದಿಸಿಕೊಳ್ಳುತ್ತೇನೆ.

೧. ನಮ್ಮ ಶಾಲೆಯ ಇಂಗ್ಲಿಷ್ ಶಿಕ್ಷಕಿಯೂ ನನ್ನ ಹೆಂಡತಿಯೂ ಒಬ್ಬರೇ. ಸದರಿ ಶಿಕ್ಷಕಿ ಹಿಂದಿನ ಬೆಂಚಿಗೂ ಕೇಳಲಿ ಎಂದು ವರ್ಷಗಟ್ಟಲೆ ಕೂಗಿ ಪಾಠ ಮಾಡಿದ ಕಾರಣ, ಪರೀಕ್ಷೆ ಹತ್ತಿರ ಬಂದಾಗ ಅವರ ಗಂಟಲು ಕೈಕೊಟ್ಟಿತು. ಡಾಕ್ಟರು ಗಂಟಲೊಳಗೆ ದೀಪ ಬಿಟ್ಟು ನೋಡಿ, "ಇನ್ನು ಒಂದು ತಿಂಗಳು ಮಾತು ಬಂದ್. ಪಿಸುಗುಟ್ಟೋದೂ ಬೇಡ, ಅದು ಇನ್ನೂ ಕೆಟ್ಟದ್ದು" ಎಂದರು. ಮಾರನೆಯ ದಿನ ಮುಖ್ಯೋಪಾಧ್ಯಾಯಿನಿಯವರು ನನ್ನನ್ನು ಕರೆಸಿ, "ಇಂಗ್ಲಿಷ್ ನಿಮ್ಮ ಮನೇಲೇ ಇದೆಯಲ್ಲ ಮೇಷ್ಟ್ರೇ, ಈ ಕ್ಲಾಸು ನೀವೇ ತಗೊಳ್ಳಿ" ಎಂದು ಆದೇಶಿಸಿದರು. ಮನೆಯಲ್ಲಿರುವುದೆಲ್ಲ ಬಾಯಲ್ಲಿರುವುದಿಲ್ಲ ಎಂದು ವಿನಯಪೂರ್ವಕವಾಗಿ ತಿಳಿಸಿದೆ. ಅದನ್ನು ಪರಿಗಣಿಸಲಾಗಲಿಲ್ಲ.

೨. ಮಾತಿಲ್ಲದೆ ಮನೆ ನಡೆಯುವುದು ಕಷ್ಟವಾದ್ದರಿಂದ ನನ್ನ ಸೀಟಿಯನ್ನು ಆಕೆಗೆ ಕೊಟ್ಟೆ. ಡಾಕ್ಟರೂ ಒಪ್ಪಿದರು; ಊದುವುದರಲ್ಲಿ ಕೆನ್ನೆಗೆ ಕೆಲಸವೇ ಹೊರತು ಗಂಟಲಿಗಲ್ಲವಂತೆ. ಚಿಕ್ಕದಾಗಿ ಒಂದು ಊದಿದರೆ 'ಹೌದು, ಸರಿ'. ಎರಡು ಊದಿದರೆ 'ಅಲ್ಲ'. ಉದ್ದಕ್ಕೆ ಎಳೆದು ಊದಿದರೆ 'ಅದನ್ನು ಅಲ್ಲಿ ಇಡಬೇಡಿ'. ಆದ್ದರಿಂದ ಈಗ ನಮ್ಮ ಸಂಸಾರದಲ್ಲಿ ಸೀಟಿ ಇಂಗ್ಲಿಷ್ ಟೀಚರ ಕೊರಳಲ್ಲಿದೆ, ಇಂಗ್ಲಿಷ್ ಪಿ.ಟಿ. ಮೇಷ್ಟ್ರ ಕೊರಳಿಗೆ ಬಿದ್ದಿದೆ. ಇಡೀ ವೃತ್ತಿಜೀವನದಲ್ಲಿ ಊರ ಮಕ್ಕಳನ್ನೆಲ್ಲ ಸೀಟಿಯಿಂದ ಕುಣಿಸಿದವನು ಈಗ ಒದ್ದೆ ಟವೆಲ್ ಕೈಯಲ್ಲಿ ಹಿಡಿದು ಅಡುಗೆಮನೆಯ ಬಾಗಿಲಲ್ಲಿ ಸೀಟಿಗೆ ನಿಂತುಬಿಡುತ್ತೇನೆ. ಇದು ಅರ್ಜಿಗೆ ಸಂಬಂಧಪಟ್ಟದ್ದಲ್ಲ. ಆದರೆ ಆಕೆಯ ದನಿ ಕೇಳದೆ ಮನೆ ಬಿಕೋ ಎನ್ನುತ್ತಿದೆ ಎಂಬುದನ್ನು ಎಲ್ಲಾದರೂ ಒಂದು ಕಡೆ ದಾಖಲಿಸಬೇಕಿತ್ತು.

೩. ಮೊದಲ ದಿನ ತರಗತಿಗೆ ಹೋಗಿ, ಪುಸ್ತಕದಲ್ಲಿದ್ದಂತೆ "ವಾಟ್ ಈಸ್ ಯುವರ್ ಹಾಬಿ?" ಎಂದು ಮುಂದಿನ ಬೆಂಚಿನ ಹುಡುಗನನ್ನು ಕೇಳಿದೆ. ಅವನು ಫ್ಯಾನ್ ನೋಡಿದ. ಪಕ್ಕದವನನ್ನು ಕೇಳಿದೆ. ಅವನು ಮೊದಲನೆಯವನನ್ನು ನೋಡಿದ. ಮೂರನೆಯವಳು ಎದ್ದು ನಿಂತು, ಕಣ್ಣು ಮುಚ್ಚಿ, ಇಡೀ ಪಾಠವನ್ನು ಹಿಂದಿನ ಪುಟದ ಪ್ರಶ್ನೆಗಳ ಸಮೇತ ಒಪ್ಪಿಸಿ ಕುಳಿತಳು. ಬರೆಯುವುದರಲ್ಲಿ ಈ ಮಕ್ಕಳು ಗಟ್ಟಿಗರು. ಅದು ನನ್ನ ಹೆಂಡತಿಯ ಕೈಗುಣ. ಬಾಯಿ ಬಿಡು ಎಂದರೆ ಮಾತ್ರ ಒಬ್ಬರ ಮುಖ ಒಬ್ಬರು ನೋಡಿಕೊಂಡು ಹಲ್ಲು ಕಚ್ಚುತ್ತಾರೆ. ತಪ್ಪಾಡಿದರೆ ಪಕ್ಕದವನು ನಗುತ್ತಾನೆ ಎಂಬ ಭಯ. ಪಕ್ಕದವನಿಗೂ ಅದೇ ಭಯ. ನನಗೂ ಅದೇ ಎಂಬುದನ್ನು ಗೋಪ್ಯವಾಗಿ ತಿಳಿಸುತ್ತೇನೆ.

೪. ಕಾರಣ, ನಾನು ನನಗೆ ಗೊತ್ತಿರುವ ಕೆಲಸವನ್ನು ಮಾಡಿದೆ. ಎಲ್ಲರನ್ನೂ ಮೈದಾನಕ್ಕೆ ಇಳಿಸಿದೆ. ರಿಲೇ ಓಟದ ಕೋಲು ಯಾರ ಕೈಯಲ್ಲಿದೆಯೋ ಅವರು ಮಾತಾಡಬೇಕು. ಪ್ರಶ್ನೆ ಕೇಳುವವರು ಹಿಂದೆ ಓಡಬೇಕು, ಉತ್ತರ ಕೊಡುವವರು ಮುಂದೆ. ಹೀಗಾಗಿ ಯಾರಿಗೂ ಯಾರ ಮುಖವೂ ಕಾಣುವುದಿಲ್ಲ. ನಗೋಣವೆಂದರೆ ಉಸಿರು ಸಾಲುವುದಿಲ್ಲ. ಓಡಿ ಬಂದ ದಾರಿಯ ಬಗ್ಗೆ ಕೇಳಿದರೆ ಭೂತಕಾಲ, ಮುಂದಿರುವ ದಾರಿಯ ಬಗ್ಗೆ ಕೇಳಿದರೆ ಭವಿಷ್ಯತ್ಕಾಲ, ತಿರುವು ಬಂದಲ್ಲಿ ಪೂರ್ಣವಿರಾಮ.

ಮೊದಲ ಸುತ್ತಿನಲ್ಲಿ ಬರೀ 'ಯೆಸ್', 'ನೋ' ಬಂತು. ಮೂರನೆಯ ಸುತ್ತಿಗೆ ವಾಕ್ಯಗಳು ಬಂದವು. ವಾರ ಕಳೆಯುವಷ್ಟರಲ್ಲಿ "ಐ ಡೋಂಟ್ ಲೈಕ್ ಮ್ಯಾಥ್ಸ್!" ಎಂಬ ವಾಕ್ಯ ಎಷ್ಟು ಸ್ಪಷ್ಟವಾಗಿ ಬಂತೆಂದರೆ, ಗಣಿತದ ಮೇಷ್ಟ್ರು ಕಿಟಕಿಯಿಂದ ತಲೆ ಹೊರಹಾಕಿ, "ಯಾರದು?" ಎಂದು ಕೇಳಿದರು. ಇಡೀ ತಂಡ ಓಡುತ್ತಲೇ, "ಆಲ್ ಆಫ್ ಅಸ್, ಸರ್!" ಎಂದಿತು. ಇಷ್ಟು ಸಹಜವಾದ ಇಂಗ್ಲಿಷನ್ನು ನಾನು ಕಲಿಸಿದ್ದಲ್ಲ.

೫. ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ನಮ್ಮ ತರಗತಿಯಲ್ಲಿ 'ಪಿಸುಮಾತು' ಎಂದು ಎಲ್ಲರೂ ಕರೆಯುವ ಒಬ್ಬ ಹುಡುಗಿ ಇದ್ದಾಳೆ. ಬರೆದರೆ ಮೊದಲ ಸ್ಥಾನ ಅವಳದೇ. ಮಾತು ಎಂದರೆ ಮಾತ್ರ ಹಾಜರಿ ಕರೆದಾಗಲೂ ಕೈ ಎತ್ತುತ್ತಾಳೆ, ಅಷ್ಟೇ. ನನ್ನ ಹೆಂಡತಿ ಎರಡು ವರ್ಷದಿಂದ ಈ ಹುಡುಗಿಯ ಬಾಯಿಂದ ಒಂದು ಇಂಗ್ಲಿಷ್ ವಾಕ್ಯ ಕೇಳಲು ಕಾದಿದ್ದಾಳೆ. ತಮ್ಮ ನಿಯಮದ ಪ್ರಕಾರ ಮೌಖಿಕದಲ್ಲಿ ಸೊನ್ನೆ ಬಂದವರು, ಬರವಣಿಗೆಯಲ್ಲಿ ಎಷ್ಟೇ ತೆಗೆದರೂ, ಅದೇ ತರಗತಿಯಲ್ಲಿ ಇನ್ನೊಂದು ವರ್ಷ ಉಳಿಯಬೇಕು. ಆದ್ದರಿಂದ ಬುಧವಾರ ಇವಳು ಬಾಯಿ ಬಿಡದಿದ್ದರೆ ಇವಳ ಗೆಳತಿಯರೆಲ್ಲ ಮೇಲಿನ ಮಹಡಿಗೆ ಹೋಗುತ್ತಾರೆ, ಇವಳು ಕೆಳಗಿನ ಮಹಡಿಯಲ್ಲಿ ತನಗಿಂತ ಗಿಡ್ಡ ಮಕ್ಕಳ ನಡುವೆ ಕೂರುತ್ತಾಳೆ.

ಇವಳು ನಮ್ಮ ರಿಲೇಯಲ್ಲಿ ಮೊದಲ ಕೆಲವು ದಿನ ಕೋಲು ಹಿಡಿದು ಸುಮ್ಮನೆ ಓಡಿದಳು. ನಾನು ಸುತ್ತು ಎಣಿಸಿದೆ. ಒಂದು ದಿನ ಹಿಂದಿನಿಂದ ಅವಳ ಗೆಳತಿ, "ಡು ಯು ಹ್ಯಾವ್ ಎ ಬ್ರದರ್?" ಎಂದು ಕೇಳಿದಳು. ಮರದ ಹತ್ತಿರದ ತಿರುವಿನಲ್ಲಿ ಒಂದು ದನಿ ಕೇಳಿತು. ಯಾರದೆಂದು ಯಾರಿಗೂ ತಿಳಿಯಲಿಲ್ಲ, ಏಕೆಂದರೆ ಆ ದನಿಯನ್ನು ಯಾರೂ ಕೇಳಿರಲಿಲ್ಲ.

"ಯೆಸ್! ಹಿ ಈಸ್ ಸ್ಮಾಲ್! ಹಿ ಈಟ್ಸ್ ಮೈ ಪೆನ್ಸಿಲ್ಸ್!"

ಅವಳ ಪಾಳಿ ಗೆರೆಯ ಹತ್ತಿರ ಮುಗಿಯಿತು. ಕೋಲು ಇಸಿದುಕೊಳ್ಳಲು ಮುಂದಿನವನು ಕೈ ಚಾಚಿ ನಿಂತಿದ್ದ. ಅವಳು ಕೊಡಲಿಲ್ಲ. ತಮ್ಮನ ಬಗ್ಗೆ ಹೇಳುವುದು ಇನ್ನೂ ಇತ್ತಾದ್ದರಿಂದ ಇನ್ನೊಂದು ಸುತ್ತು ಹೊರಟುಹೋದಳು. ಒಂದೇ ಮನೆಯಲ್ಲಿ ಇಬ್ಬರಿಗೆ ಗಂಟಲಿನ ತೊಂದರೆಯಾಗಬಾರದೆಂದು ನೀರು ಕುಡಿದೆ.

೬. ಕಳೆದ ಶುಕ್ರವಾರ ಮುಖ್ಯೋಪಾಧ್ಯಾಯಿನಿಯವರು ತಮ್ಮ ಕೊಠಡಿಯಲ್ಲಿ ಅಣಕು ಪರೀಕ್ಷೆ ನಡೆಸಿದರು. ಗಾಜು ಹೊದಿಸಿದ ಮೇಜು, ದಿಂಬಿಟ್ಟ ಕುರ್ಚಿ, ಗೋಡೆ ಗಡಿಯಾರದ ಸದ್ದು. ಮಕ್ಕಳು ಒಬ್ಬೊಬ್ಬರಾಗಿ ಹೋಗಿ ಕುಳಿತರು, ಹೋದಷ್ಟೇ ಸದ್ದಿಲ್ಲದೆ ಎದ್ದು ಬಂದರು. ಒಬ್ಬ ಹುಡುಗ ಮಾತ್ರ, "ಮೇ ಐ ಸ್ಟ್ಯಾಂಡ್, ಮೇಡಂ?" ಎಂದು ಕೇಳಿದ. "ಕೂತ್ಕೊಳ್ಳಪ್ಪಾ, ಹೆದರ್ಬೇಡ" ಎಂದು ಅವರು ಪ್ರೀತಿಯಿಂದಲೇ ಕೂರಿಸಿದರು. ಅಲ್ಲಿಗೆ ಅವನ ಇಂಗ್ಲಿಷೂ ಕುಳಿತುಬಿಟ್ಟಿತು.

ಪಿಸುಮಾತಿಗೂ ಅದೇ ತಮ್ಮನ ಪ್ರಶ್ನೆ ಬಂತು. ಅವಳು ಗಾಜಿನ ಕೆಳಗಿದ್ದ ಹಳೆಯ ಕ್ಯಾಲೆಂಡರನ್ನು ನೋಡುತ್ತಾ ಕುಳಿತಳು. ಬಾಗಿಲ ಪಕ್ಕದ ಸ್ಟೂಲಿನ ಮೇಲಿದ್ದ ನನಗೆ ಮೇಜಿನ ಕೆಳಭಾಗ ಕಾಣುತ್ತಿತ್ತು. ಅವಳ ಕಾಲುಗಳು ಅಲ್ಲಿ ಓಡುತ್ತಿದ್ದವು. ಮೇಜಿನ ಕೆಳಗೆ ಉತ್ತರವಿತ್ತು, ಮೇಲೆ ಇರಲಿಲ್ಲ. ಅಂಕಪಟ್ಟಿ ಮೇಜಿನ ಮೇಲೆ ಇದ್ದ ಕಾರಣ ಅವಳಿಗೆ ಸೊನ್ನೆ ಬಂತು.

ಮುಖ್ಯೋಪಾಧ್ಯಾಯಿನಿಯವರು ನನ್ನ ಕಡೆ ತಿರುಗಿ, "ಏನ್ ಮೇಷ್ಟ್ರೇ ಇದು? ಆಡ್ಸಿ ಆಡ್ಸಿ ಇದ್ದದ್ದೂ ಕಳ್ದ್ಬಿಟ್ರಲ್ಲ!" ಎಂದರು.

"ಇಲ್ಲ ಮೇಡಂ, ಇಂಗ್ಲಿಷ್ ಇದೆ. ಹೊರಗಡೆ ಇದೆ."

"ಹೊರಗಡೆ ಅಂದ್ರೆ?"

"ಮೈದಾನದಲ್ಲಿ, ಮೇಡಂ."

ಅವರು ಟೀ ಲೋಟವನ್ನು ನಿಧಾನವಾಗಿ ಕೆಳಗಿಟ್ಟರು. ಶನಿವಾರ ಮಕ್ಕಳನ್ನು ಮಾತಾಡಿಸುತ್ತಲೇ ಮೈದಾನದಿಂದ ತರಗತಿಗೆ ಕರೆತಂದು ಕೂರಿಸುವ ಪ್ರಯತ್ನ ಮಾಡಲಾಯಿತು. ಮೆಟ್ಟಿಲ ಬಳಿ ವಾಕ್ಯಗಳು ಚಿಕ್ಕವಾದವು, ಹೊಸ್ತಿಲಲ್ಲಿ 'ಯೆಸ್', 'ನೋ' ಉಳಿಯಿತು, ಬೆಂಚು ಮುಟ್ಟುವಷ್ಟರಲ್ಲಿ ಎಲ್ಲರೂ ಫ್ಯಾನ್ ನೋಡುತ್ತಿದ್ದರು.

೭. ಅದೇ ಶನಿವಾರ ಸಂಜೆ ಪಿಸುಮಾತು ಒಬ್ಬಳೇ ನಮ್ಮ ಮನೆಗೆ ಬಂದಳು. ಟೀಚರನ್ನು ನೋಡಲು ಬಂದವಳು ಬಾಗಿಲಲ್ಲೇ ನಿಂತಳು. ನನ್ನ ಹೆಂಡತಿ ಕೂರು ಎಂದು ಸನ್ನೆ ಮಾಡಿದಳು. ಹುಡುಗಿಯ ಮುಖ ಬಾಡಿತು. ನಾನು ತಕ್ಷಣ ಕುರ್ಚಿಗಳನ್ನೆಲ್ಲ ಎತ್ತಿ ಒಳಕೋಣೆಗೆ ಸಾಗಿಸಿದೆ. ಹೆಂಡತಿ ಉದ್ದಕ್ಕೆ ಸೀಟಿ ಊದಿದಳು. ಆದರೂ ಸಾಗಿಸಿದೆ.

"ಮೇಜಿನ ಸುತ್ತ ಸುಮ್ನೆ ನಡಿ ಪುಟ್ಟಿ. ಓಡ್ಬೇಡ, ಹೂದಾನಿ ಇದೆ" ಎಂದೆ.

ಅವಳು ಒಂದು ಸುತ್ತು ನಡೆದಳು. ಎರಡನೆಯ ಸುತ್ತಿನಲ್ಲಿ ತುಟಿ ಅಲ್ಲಾಡಿತು. ಮೂರನೆಯ ಸುತ್ತಿಗೆ, "ಟೀಚರ್, ಐ ಆಮ್ ಸ್ಯಾಡ್ ಫಾರ್ ಯುವರ್ ವಾಯ್ಸ್" ಎಂದಳು. "ಐ ಹಿಯರ್ ಯು ಇನ್ ಮೈ ಹೆಡ್ ವೆನ್ ಐ ರೈಟ್" ಎಂದಳು. ಆಮೇಲೆ ತಮ್ಮನ ವಿಷಯ ಶುರುವಾಯಿತು. ಅವನು ಈಗ ರಬ್ಬರನ್ನೂ ತಿನ್ನುತ್ತಿದ್ದಾನಂತೆ. ನಡುವೆ ತಪ್ಪುಗಳಿದ್ದವು. ನನಗೇ ಗೊತ್ತಾದವು ಎಂದ ಮೇಲೆ ಆಕೆಗೆ ಗೊತ್ತಾಗದೆ ಇರುತ್ತದೆಯೇ? ನನ್ನ ಹೆಂಡತಿ ಸೀಟಿಯನ್ನು ಬಾಯಿಗಿಟ್ಟುಕೊಂಡಳು. ಎರಡು ಊದುತ್ತಾಳೆ ಎಂದುಕೊಂಡೆ. ಆಕೆ ಚಿಕ್ಕದಾಗಿ ಒಂದೇ ಊದಿದಳು. ಮತ್ತೆ ಒಂದು. ಮತ್ತೆ ಒಂದು. ಕಣ್ಣೊರೆಸಿಕೊಳ್ಳುತ್ತಾ ಊದಿದ್ದೇ ಊದಿದ್ದು. ಕೊನೆಗೆ ಪಕ್ಕದ ಮನೆಯವರು ಬಂದು, "ಏನಾದ್ರೂ ಅನಾಹುತ ಆಯ್ತಾ?" ಎಂದು ಬಾಗಿಲು ತಟ್ಟಿದರು.

ಹುಡುಗಿ ಹೋದ ಮೇಲೆ ಆಕೆ ತಮ್ಮ ಕಚೇರಿಯ 'ಸೂಚನೆಗಳು' ತೆಗೆದು ಓದಿದಳು. ಆಮೇಲೆ ನನಗೂ ಓದಿಸಿದಳು. ಸದರಿ ಸೂಚನೆಗಳಲ್ಲಿ ಪೆನ್ನು ಇದೆ, ನೀರಿನ ಬಾಟಲಿ ಇದೆ, ಗುರುತಿನ ಚೀಟಿ ಇದೆ, ಕೈಗಡಿಯಾರದ ಬಗ್ಗೆ ಒಂದು ಪ್ಯಾರಾವೇ ಇದೆ. ಅಭ್ಯರ್ಥಿಯು 'ಭಯವಿಲ್ಲದೆ, ಸಹಜ ಭಂಗಿಯಲ್ಲಿ' ಉತ್ತರಿಸತಕ್ಕದ್ದು ಎಂದಿದೆ. ಕುರ್ಚಿ ಎಲ್ಲಿಯೂ ಇಲ್ಲ. ಅಂದರೆ ಕುರ್ಚಿಯು ರೂಢಿಯಿಂದ ಬಂದಿದೆಯೇ ಹೊರತು ನಿಯಮದಿಂದ ಬಂದಿಲ್ಲ. ಈ ಮಕ್ಕಳ ಸಹಜ ಭಂಗಿ ಯಾವುದೆಂದು ದೈಹಿಕ ಶಿಕ್ಷಣ ಶಿಕ್ಷಕನಾಗಿ ದೃಢೀಕರಿಸುವ ಅರ್ಹತೆ ನನಗಿದೆ.

೮. ಆದ್ದರಿಂದ, ಮೇಲಿನ ಕಾರಣಗಳನ್ನು ಸಹಾನುಭೂತಿಯಿಂದ ಪರಿಶೀಲಿಸಿ,

(ಅ) ಮೌಖಿಕ ಪರೀಕ್ಷೆಯನ್ನು ಮೈದಾನದಲ್ಲಿ ನಡೆಸಬೇಕಾಗಿಯೂ,

(ಆ) ಅದು ತಮ್ಮ ಮಂಡಿಗೆ ಒಪ್ಪದಿದ್ದಲ್ಲಿ, ಮೊಗಸಾಲೆಯಲ್ಲಿ ಈ ತುದಿಯಿಂದ ಆ ತುದಿಗೆ ನಡೆಯುತ್ತಾ ನಡೆಸಬೇಕಾಗಿಯೂ (ಅಭ್ಯರ್ಥಿ ಮುಂದೆ, ತಾವು ಹಿಂದೆ; ಮುಖ ಕಾಣಬಾರದು),

(ಇ) ಅದೂ ಆಗದಿದ್ದಲ್ಲಿ, ಕುರ್ಚಿಯ ಹಿಂದೆ ನಿಂತು ಲೆಫ್ಟ್-ರೈಟ್ ಮಾಡುತ್ತಾ ಉತ್ತರಿಸಲು ಅವಕಾಶ ಕೊಡಬೇಕಾಗಿಯೂ,

ಉಳಿದವರಿಗೆ ಆಗದಿದ್ದರೂ ಪಿಸುಮಾತು ಎಂಬ ಒಬ್ಬ ಅಭ್ಯರ್ಥಿಗಾದರೂ ಇವುಗಳಲ್ಲಿ ಯಾವುದಾದರೊಂದನ್ನು ಮಂಜೂರು ಮಾಡಬೇಕಾಗಿಯೂ ಪ್ರಾರ್ಥಿಸುತ್ತೇನೆ. ಮೊದಲ ಸುತ್ತಿನಲ್ಲಿ ಅವಳು ಏನೂ ಹೇಳುವುದಿಲ್ಲ. ದಯವಿಟ್ಟು ಆಗಲೇ ಅಂಕ ಹಾಕಬೇಡಿ.

ತಮ್ಮ ವಿಶ್ವಾಸಿ ಮತ್ತು ಸದ್ಯ ಸೀಟಿಯಿಲ್ಲದ,
ಪಿ.ಟಿ. ಮೇಷ್ಟ್ರು

ಲಗತ್ತುಗಳು:
೧. ಹೆಂಡತಿಯ ಗಂಟಲಿನ ವೈದ್ಯಕೀಯ ಪ್ರಮಾಣಪತ್ರ.
೨. ತಮ್ಮದೇ ಸೂಚನೆಗಳ ಪ್ರತಿ, ಕುರ್ಚಿ ಇಲ್ಲದ ಜಾಗಗಳಿಗೆ ಅಡಿಗೆರೆ ಎಳೆಯಲು ಸಾಧ್ಯವಾಗದ ಕಾರಣ ಹಾಗೆಯೇ ಲಗತ್ತಿಸಿದೆ.
೩. ಕ್ಯಾನ್ವಾಸ್ ಬೂಟು, ಎರಡು ಜೊತೆ. ತಮ್ಮ ಅಳತೆ ತಿಳಿಯದು.
೪. ಮುಖ್ಯೋಪಾಧ್ಯಾಯಿನಿಯವರ ಷರಾ: "ಶಿಫಾರಸು ಮಾಡಿಲ್ಲ. ಆದರೆ ಬುಧವಾರ ಬೆಳಿಗ್ಗೆ ಮೊಗಸಾಲೆ ಗುಡಿಸಿಡಲು ಹೇಳಿದ್ದೇನೆ."

ಕೊನೆಯದಾಗಿ: ಬುಧವಾರ ನನ್ನ ಹೆಂಡತಿಯೂ ಬಂದು ಮೊಗಸಾಲೆಯ ಕಂಬದ ಪಕ್ಕ ಕೂರುತ್ತಾಳೆ. ಆಕೆಗೆ ಮಾತ್ರ ಕುರ್ಚಿ ಬೇಕು. ಅಭ್ಯರ್ಥಿ ಮಾತಾಡುವಾಗ ಚಿಕ್ಕದೊಂದು ಸೀಟಿ ಕೇಳಿಸಿದರೆ ತಾವು ನಿಲ್ಲಬಾರದಾಗಿ ವಿನಂತಿ. ಪಿಸುಮಾತು ನಿಲ್ಲುವುದಿಲ್ಲ, ತಮ್ಮನ ವಿಷಯ ಇನ್ನೂ ಅರ್ಧ ಬಾಕಿ ಇದೆ, ತಾವು ಹಿಂದೆ ಬೀಳುತ್ತೀರಿ.