ಮರಳುಗಾಡಿನಲ್ಲಿ ನಿನ್ನೆಯ ನೀರು

ಮನೆಗೆಲಸದಲ್ಲಿ ನನ್ನಷ್ಟು ಶಿಸ್ತಿನ ಗಂಡಸು ದೋಹಾದಲ್ಲಿ ಇನ್ನೊಬ್ಬನಿಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ. ಇದನ್ನು ಒಪ್ಪದವರು ಇಬ್ಬರೇ. ಒಬ್ಬಳು ನನ್ನ ಹೆಂಡತಿ ಸುಧಾ, ಇನ್ನೊಬ್ಬರು ಅವಳ ತಾಯಿ.

ವಿಶ್ವಕಪ್ ಫುಟ್‌ಬಾಲ್ ನಡೆಯುತ್ತಿದ್ದ ಆ ಚಳಿಗಾಲದಲ್ಲಿ, ಬಿನ್ ಒಮ್ರಾನ್ ಬಡಾವಣೆಯ ನಮ್ಮ ಪುಟ್ಟ ಫ್ಲ್ಯಾಟಿನ ತುಂಬ ಸುಧಾಳ ತಮ್ಮ ಮತ್ತು ಅವನ ಗೆಳೆಯರು ಚಾಪೆ ಹಾಸಿಕೊಂಡಿದ್ದರು. ಮೈಸೂರಿನಿಂದ ಬಂದಿದ್ದ ಅತ್ತೆಗೆ ಕಾಲು ಚಾಚಲೂ ಜಾಗವಿಲ್ಲ. ಮದುವೆಯಾದಾಗಿನಿಂದ ಅವರ ಬಾಯಿಂದ ನನ್ನ ಬಗ್ಗೆ ಒಂದು ಒಳ್ಳೆಯ ಮಾತು ಕೇಳಬೇಕೆಂದು ಕಾದಿದ್ದೆ. ಇದೇ ತಕ್ಕ ಸಮಯ ಎನಿಸಿ, ಆಫೀಸಿನ ಮಿತ್ರ ಖಾಲಿದ್‌ನ ಕ್ಯಾರವಾನ್ ಕೇಳಿ ಪಡೆದೆ. ಹಾಸಿಗೆ, ಒಲೆ, ಬಚ್ಚಲು ಎಲ್ಲವೂ ಇರುವ, ಚಕ್ರದ ಮೇಲಿನ ಮನೆ ಅದು. ಖಾಲಿದ್ ಅದನ್ನು ತನ್ನ ಕಾರಿಗೆ ಕಟ್ಟಿ, ನಮ್ಮ ಮೂವರನ್ನೂ ಕಡಲ ದಂಡೆಯ ಸರ್ಕಾರಿ ಶಿಬಿರದ ಜಾಗದಲ್ಲಿ ಇಳಿಸಿದ. ಟ್ಯಾಂಕಿನ ತುಂಬ ನೀರಿದೆ, ನಾಳೆ ಸಂಜೆ ಬರುತ್ತೇನೆ ಎಂದು ಹೇಳಿ, “ಯಲ್ಲಾ” ಎಂದು ಅರಬ್ಬಿಯಲ್ಲಿ ವಿದಾಯ ಕೋರಿ ಹೊರಟೇಬಿಟ್ಟ.

ಮೊದಲ ಸಂಜೆ ಅತ್ತೆ ಸುತ್ತ ನೋಡಿ, “ಪರವಾಗಿಲ್ಲ” ಎಂದರು. ನನಗೆ ಆನೆ ಬಲ ಬಂತು.

ಬೆಳಿಗ್ಗೆ ಎಲ್ಲರಿಗಿಂತ ಮೊದಲು ಎದ್ದೆ. ಅತ್ತೆಯ ಮನೆಯಲ್ಲಿ ದಿನದ ಮೊದಲ ಕೆಲಸವೆಂದರೆ ನಿನ್ನೆ ಹಿಡಿದಿಟ್ಟ ನೀರನ್ನು ಚೆಲ್ಲಿ ಹೊಸ ನೀರು ಹಿಡಿಯುವುದು. ಹಳೇ ನೀರಿನಲ್ಲಿ ಅಲ್ಲಿ ಕಾಫಿಯನ್ನೂ ಕಾಯಿಸುವುದಿಲ್ಲ. ಅಳಿಯನಿಗೆ ಇದೆಲ್ಲ ನೆನಪಿದೆ ಎಂದು ತೋರಿಸಲು ಇದಕ್ಕಿಂತ ಒಳ್ಳೆಯ ಅವಕಾಶ ಬೇಕೆ? ಕ್ಯಾರವಾನಿನ ಕೆಳಗೆ ತೂರಿ, ಟ್ಯಾಂಕಿನ ತಳದ ಮುಚ್ಚಳ ಬಿಚ್ಚಿ, ನಿನ್ನೆಯ ನೀರನ್ನು ಕೊನೆಯ ಹನಿಯವರೆಗೂ ಹರಿಯಬಿಟ್ಟೆ. ಆಮೇಲೆ ಹೊಸ ನೀರು ಹಿಡಿಯಲು ನಲ್ಲಿ ಹುಡುಕಿಕೊಂಡು ಹೊರಟೆ.

ನಲ್ಲಿಯೇ ಇರಲಿಲ್ಲ!

ಪಕ್ಕದ ಡೇರೆಯ ಮುಂದೆ ಚಳಿ ಕಾಯಿಸಿಕೊಳ್ಳುತ್ತಿದ್ದ ಅರಬ್ ಹಿರಿಯರೊಬ್ಬರನ್ನು ನಲ್ಲಿ ಎಲ್ಲಿ ಎಂದು ಸನ್ನೆಯಲ್ಲಿ ಕೇಳಿದೆ. “ಮಾಫಿ,” ಎಂದರು. ಇಲ್ಲ ಎಂದರ್ಥ. ಅಂಗಡಿ? “ಮಾಫಿ.” ಆ ಜಾಗದಲ್ಲಿ ಇದ್ದದ್ದು ಮರಳು, ಆಕಾಶ ಮತ್ತು ನಾನು.

ಅಷ್ಟರಲ್ಲಿ ಅತ್ತೆ ಟವೆಲ್ ಹಿಡಿದು ಬಾಗಿಲಿಗೆ ಬಂದರು. “ಅಳಿಯಂದ್ರೇ, ಬಚ್ಚಲಲ್ಲಿ ನಲ್ಲಿ ತಿರುಗಿಸಿದ್ರೆ ಬರೀ ಗಾಳಿ ಬರ್ತಿದೆ.”

“ನಿನ್ನೆ ನೀರಲ್ವಾ ಅತ್ತೆ, ಚೆಲ್ಲಿಬಿಟ್ಟೆ,” ಎಂದೆ, ದನಿಯಲ್ಲಿ ಇನ್ನೂ ಸ್ವಲ್ಪ ಹೆಮ್ಮೆ ಉಳಿಸಿಕೊಂಡು.

“ಮನೇಲಿ ಒಂದು ದಿನಾನೂ ಬಿಂದಿಗೆ ಮುಟ್ಟಿದವರಲ್ಲ, ಇಲ್ಲಿಗೆ ಬಂದು ಜ್ಞಾನೋದಯ ಆಯ್ತಾ ನಿಮಗೆ?” ಒಳಗಿನಿಂದ ಸುಧಾ ಕೇಳಿದಳು.

“ಎದುರಿಗೇ ಸಮುದ್ರ ಇದೆಯಲ್ಲ,” ಎಂದು ಸಮಾಧಾನ ಹೇಳಿದೆ.

“ಇವತ್ತು ಹುಣ್ಣಿಮೆನೂ ಅಲ್ಲ, ಅಮಾವಾಸ್ಯೆನೂ ಅಲ್ಲ. ಪರ್ವದಿನ ಅಲ್ದೆ ಸಮುದ್ರ ಸ್ನಾನ ಹೇಗೆ ಮಾಡ್ಲಿ?” ಎಂದು ಅತ್ತೆ ಹಣೆ ಒತ್ತಿಕೊಂಡು ಮೆಟ್ಟಿಲ ಮೇಲೆ ಕೂತರು.

ಕುಡಿಯಲು ತಂದಿದ್ದ ಬಾಟಲಿ ನೀರಿನಲ್ಲಿ ಕಾಫಿಯಾಗುತ್ತಿತ್ತು, ಸ್ನಾನವಾಗುತ್ತಿರಲಿಲ್ಲ. ಸ್ನಾನವಾಗದೆ ಅವರು ಕಾಫಿ ಮುಟ್ಟುವವರಲ್ಲ, ಕಾಫಿಯಿಲ್ಲದಿದ್ದರೆ ತಲೆನೋವು. ಅವರ ಸೋತ ಮುಖ ನೋಡಿ ನನಗೆ ನಿಜಕ್ಕೂ ಸಂಕಟವಾಯಿತು. ಕೈಗೆ ಸಿಕ್ಕ ಕುಕ್ಕರ್ ಹಿಡಿದು ಮತ್ತೆ ಪಕ್ಕದ ಡೇರೆಗೆ ಓಡಿದೆ. ಹಿರಿಯರು ಕುಕ್ಕರನ್ನೊಮ್ಮೆ, ತಲೆ ಹಿಡಿದು ಕೂತ ಅತ್ತೆಯನ್ನೊಮ್ಮೆ ನೋಡಿದರು. ಎದ್ದು, ದೊಡ್ಡದೊಂದು ನೀರಿನ ಕ್ಯಾನನ್ನು ತಾವೇ ಹೊತ್ತು ತಂದು ನಮ್ಮ ಬಾಗಿಲಲ್ಲಿಟ್ಟರು. ಜೊತೆಗೊಂದು ತಟ್ಟೆ ಖರ್ಜೂರ.

ಅತ್ತೆ ಸ್ನಾನ ಮುಗಿಸಿ, ತಾವೇ ಕಾಫಿ ಮಾಡಿ, ಮೊದಲ ಲೋಟ ಆ ಹಿರಿಯರಿಗೆ ಕಳಿಸಿದರು. ಎರಡನೆಯದು ತಾವು ಕುಡಿದು ಮೈಸೂರಿನ ತಂಗಿಗೆ ಫೋನ್ ಹಚ್ಚಿದರು. ನಾನು ಕಿವಿಗೊಟ್ಟೆ.

“ಹೂಂ ಕಣೇ, ಅಳಿಯಂದ್ರು ಬಹಳ ಚೆನ್ನಾಗಿ ನೋಡ್ಕೋತಿದಾರೆ. ನಮ್ಮೂರಲ್ಲಿ ನಾವು ನಲ್ಲಿ ಮುಂದೆ ಕಾಯ್ತೀವಿ. ಇವರು ಮರಳುಗಾಡಲ್ಲಿ ಒಂದು ಟ್ಯಾಂಕ್ ನೀರು ಚೆಲ್ಲೋ ಅಷ್ಟು ಅನುಕೂಲಸ್ಥರು!”

ಅಂತೂ ನನ್ನ ಬಹುದಿನದ ಆಸೆ ಈಡೇರಿತು. ಸುಧಾ ಮಾತ್ರ ದುಪಟ್ಟಾ ಬಾಯಿಗೊತ್ತಿಕೊಂಡು ಕ್ಯಾರವಾನಿನ ಹಿಂದಕ್ಕೆ ಓಡಿದಳು. ಏಕೆಂದು ನಾನು ವಿಚಾರಿಸಲು ಹೋಗಲಿಲ್ಲ.