ಮೂರು ನಕ್ಷತ್ರದ ಫಸ್ಟ್ ಕ್ಲಾಸ್

ಇಡೀ ದಿನ ನೀರು ಸರಬರಾಜು ಕಚೇರಿಯ ದೂರಿನ ಕೌಂಟರಿನಲ್ಲಿ ಕೂತು ಊರವರ ಬೈಗುಳ ಕೇಳುವುದು ಸೊಸೆಯ ಉದ್ಯೋಗ. ಸಂಜೆ ಮನೆಗೆ ಬಂದು ಮಾವನ ಕಥೆ ಕೇಳುವುದು ಕರ್ತವ್ಯ. ಉದ್ಯೋಗಕ್ಕೆ ಸಂಬಳವಾದರೂ ಇತ್ತು. ಮಾವ ನಿವೃತ್ತ ಮೇಷ್ಟ್ರು. ಶಾಲೆ ತಪಾಸಣೆಗೆ ಬಂದ ಇನ್ಸ್‌ಪೆಕ್ಟರು ಕುರ್ಚಿ ಮುರಿದು ಬಿದ್ದ ಪ್ರಸಂಗ ಅವರ ಬತ್ತಳಿಕೆಯ ಮುಖ್ಯ ಬಾಣ. ಆ ಪುಣ್ಯಾತ್ಮ ತನ್ನ ಜನ್ಮದಲ್ಲಿ ಬಿದ್ದದ್ದು ಒಂದೇ ಸಲ, ಈ ಮನೆಯಲ್ಲಿ ಮಾತ್ರ ದಿನಾ ಬೀಳುತ್ತಿದ್ದ. (ಗಂಡನೆಂಬ ಪ್ರಾಣಿ ಕುರ್ಚಿಯ ಸುದ್ದಿ ಬರುವ ಮೊದಲೇ ಮೊಬೈಲು ಕಿವಿಗಿಟ್ಟುಕೊಂಡು ಬಾಲ್ಕನಿ ಸೇರಿಬಿಡುತ್ತಿದ್ದ. ಆ ಕಡೆಯಿಂದ ಯಾರೂ ಮಾತಾಡುತ್ತಿರಲಿಲ್ಲ ಎಂಬುದು ಬೇರೆ ವಿಷಯ.)

ಹೀಗಿರುವಾಗ, ವಯಸ್ಸಾದವರಿಗೆ ಕಂಪನಿ ಕೊಡುವ ಕಂಪನಿಯೊಂದು ಇದೆಯೆಂದು ಅವಳ ಕಿವಿಗೆ ಬಿತ್ತು. ಅಲ್ಲಿಂದ ಐವತ್ತರ ಆಸುಪಾಸಿನ ಹೆಂಗಸೊಬ್ಬರು ಬಂದರು. ಅಡುಗೆಯಿಲ್ಲ, ಕಸ ಗುಡಿಸುವುದಿಲ್ಲ, ಮಾವನ ಎದುರು ಕೂತು ಮಾತಿಗೆ ಮಾತು ಸೇರಿಸುವುದೇ ಅವರ ಕೆಲಸ. ಮಾವ ಅವರನ್ನು ಜೊತೆಯಮ್ಮ ಎಂದು ಕರೆದರು, ಅದೇ ಉಳಿಯಿತು. ಇನ್ಸ್‌ಪೆಕ್ಟರು ಬಿದ್ದಾಗಲೆಲ್ಲ ಜೊತೆಯಮ್ಮ "ಅಯ್ಯೋ, ಪೆಟ್ಟಾಯ್ತಾ?" ಎಂದು ಹೊಸದಾಗಿ ಗಾಬರಿಯಾಗುತ್ತಿದ್ದರು. ಸಂಜೆ ಸೊಸೆ ಬರುವಷ್ಟರಲ್ಲಿ ಮಾವನ ಕಥೆಗಳೆಲ್ಲ ಖಾಲಿ. ಎಷ್ಟೋ ವರ್ಷಗಳ ಮೇಲೆ ಅವಳು ಚಹಾವನ್ನು ಬಿಸಿಯಿರುವಾಗಲೇ ಕುಡಿದಳು.

ಆ ಸುಖಕ್ಕೆ ಕಲ್ಲು ಬಿದ್ದದ್ದು ಮಾವನ ಮೊಬೈಲಿಗೆ ಬಂದ ಒಂದು ಪ್ರಶ್ನೆಯಿಂದ: ನಿಮ್ಮ ಜೊತೆಗಾರರಿಗೆ ಐದರಲ್ಲಿ ಎಷ್ಟು ನಕ್ಷತ್ರ?

ಮಾರನೆಯ ದಿನ ಜೊತೆಯಮ್ಮ ಬರಲಿಲ್ಲ. ಕಂಪನಿಗೆ ಫೋನು ಮಾಡಿದರೆ, ನಾಲ್ಕಕ್ಕಿಂತ ಕಡಿಮೆ ಬಂದವರನ್ನು ಕೆಲಸದಿಂದ ತೆಗೆಯುತ್ತಾರಂತೆ.

"ಮಾವಾ, ಏನು ಮಾಡಿದ್ರಿ?"

"ಮೂರು ಕೊಟ್ಟೆ," ಮಾವ ಎದೆಯುಬ್ಬಿಸಿದರು. "ಐದಕ್ಕೆ ಮೂರು ಅಂದ್ರೆ ನೂರಕ್ಕೆ ಅರವತ್ತು. ಫಸ್ಟ್ ಕ್ಲಾಸ್! ನನ್ನ ಕೈಯಲ್ಲಿ ಫಸ್ಟ್ ಕ್ಲಾಸ್ ತಗೊಂಡೋರು ಈ ಊರಲ್ಲಿ ಎಷ್ಟು ಜನ ಇದ್ದಾರೆ, ಕೇಳಿ ನೋಡು."

"ಏನಾದ್ರೂ ಬರೆದ್ರಾ?"

"ಬರೀದೆ ಇರ್ತೀನಾ? 'ಗಮನ ಉತ್ತಮ. ಮಧ್ಯಾಹ್ನ ಆಕಳಿಸುತ್ತಾರೆ. ತಿದ್ದಿಕೊಂಡರೆ ಭವಿಷ್ಯವಿದೆ.'"

ಸೊಸೆ ತಲೆಯ ಮೇಲೆ ಕೈಹೊತ್ತು ಕೂತಳು. ಅಷ್ಟರಲ್ಲಿ, ಮರೆತುಹೋದ ಕನ್ನಡಕ ಒಯ್ಯಲು ಜೊತೆಯಮ್ಮನೇ ಬಂದರು. ಒಳಗೆ ಕಾಲಿಡಲಿಲ್ಲ, ಬಾಗಿಲಲ್ಲೇ ನಿಂತರು.

"ಆಕಳಿಕೆ ಬಂದಿದ್ದು ನಿಜ, ಮೇಷ್ಟ್ರೇ. ನನ್ನ ಮುಖಕ್ಕೇ ಹೇಳಿದ್ರೆ ಬಾಯಿಗೆ ಕೈ ಅಡ್ಡ ಇಟ್ಕೊತಿದ್ದೆ. ಊರೆಲ್ಲ ಓದೋ ಕಡೆ ಬರೆದ್ರಲ್ಲ. ನನ್ನ ಮಗಳೂ ಓದಿದ್ಲು. ಕೆಲಸದಲ್ಲಿ ನಿದ್ದೆ ಮಾಡ್ತೀಯೇನಮ್ಮಾ ಅಂತ ಕೇಳಿದ್ಲು."

ಮಾವನ ಮುಖ ಚಿಕ್ಕದಾಯಿತು. "ತಪ್ಪಾಯ್ತಮ್ಮ," ಎಂದರು. ಸೊಸೆಗೂ ನಾಚಿಕೆಯಾಯಿತು. ಆ ಕಥೆಗೆ ಆಕಳಿಸದ ಮನುಷ್ಯ ಇನ್ನೂ ಹುಟ್ಟಬೇಕಷ್ಟೆ! ಜೊತೆಯಮ್ಮ ಹೋದದ್ದೇ ಅವಳು ಮೊಬೈಲು ತಂದು ಮಾವನ ಮುಂದಿಟ್ಟಳು.

"ಐದು ಕೊಡಿ."

"ಐದಾ? ನೂರಕ್ಕೆ ನೂರನ್ನ ಲೆಕ್ಕದ ಪೇಪರಿಗೆ ಕೊಡಬಹುದು. ಮನುಷ್ಯರಿಗೆ ಕೊಡೋಕಾಗುತ್ತಾ?"

"ನಿಮ್ಮ ಇನ್ಸ್‌ಪೆಕ್ಟರನ್ನ ದಿನಾ ಎತ್ತಿ ಕೂರಿಸಿದೋರು ಮಾವಾ ಅವರು!"

ಮಾವ ಮೊಬೈಲನ್ನು ಅವಳತ್ತ ಸರಿಸಿದರು. ಒಕ್ಕಣೆಯ ಭಾರವನ್ನು ಸೊಸೆಯೇ ಹೊತ್ತಳು. ದಿನವಿಡೀ ದೂರು ಬರೆದುಕೊಂಡ ಕೈಗೆ ಹೊಗಳಿ ಬರೆಯುವ ಅವಕಾಶ ಸಿಕ್ಕರೆ ಕೇಳಬೇಕೆ? 'ಶ್ರವಣಕಲಾನಿಪುಣೆ, ತಾಳ್ಮೆಯ ಸಾಕ್ಷಾತ್ ಮೂರ್ತಿ, ಇವರು ಕಾಲಿಟ್ಟ ಮನೆ ನಂದನವನ' ಎಂದು ಬರೆದಳು. ಮಾವ ಎರಡು ಕಾಗುಣಿತ ತಪ್ಪು ತಿದ್ದಿ, ಕಣ್ಣು ಮುಚ್ಚಿಕೊಂಡು ಐದು ಒತ್ತಿದರು.

ಕಂಪನಿ ಜೊತೆಯಮ್ಮನನ್ನು ಕೂಡಲೇ ವಾಪಸು ತೆಗೆದುಕೊಂಡಿತು. ಆದರೆ ಈ ಮನೆಗೆ ಕಳಿಸಲಿಲ್ಲ. ಆ ನಂದನವನದ ವಿಷಯ ಊರೆಲ್ಲ ಓದಿತ್ತು. ಯಾವುದೋ ದೊಡ್ಡ ಬಂಗಲೆಯವರು ಹೆಚ್ಚು ಸಂಬಳ ಕೊಟ್ಟು ಅವರನ್ನು ಹಾರಿಸಿಕೊಂಡು ಹೋಗಿದ್ದರು.

"ನಿಮ್ಮ ಉಪಕಾರ ಮರೆಯೋಲ್ಲ ಕಣಮ್ಮಾ," ಜೊತೆಯಮ್ಮನ ಫೋನು ಬಂತು. "ಇಲ್ಲಿ ಅಜ್ಜಿಗೆ ಮಾತಂದ್ರೇ ಆಗಲ್ಲ. ಮಧ್ಯಾಹ್ನ ಇಬ್ರೂ ಮಲಗಿಬಿಡ್ತೀವಿ!"

ಸೊಸೆಗೆ ಸಂತೋಷವಾಯಿತು, ಅಳುವೂ ಬಂತು. ಬೇರೆ ಜೊತೆಗಾರರು ಸದ್ಯಕ್ಕೆ ಯಾರೂ ಇಲ್ಲವೆಂದಿತು ಕಂಪನಿ. ಗಂಡ ಬಾಲ್ಕನಿಯಲ್ಲಿ ಭಾರೀ ಮಾತುಕತೆಯಲ್ಲಿದ್ದ. ಇನ್ನೇನು ಮಾಡುವುದು, ಜೊತೆಯಮ್ಮ ಕೂರುತ್ತಿದ್ದ ಜಾಗದಲ್ಲಿ ಅವಳೇ ಕೂತಳು. ಇನ್ಸ್‌ಪೆಕ್ಟರು ಶಾಲೆಯ ಗೇಟು ದಾಟಿದ್ದು ಅವಳಿಗೆ ನೆನಪಿದೆ. ಬೆಚ್ಚಿ ಕಣ್ಣು ಬಿಟ್ಟಾಗ ಅವರು ಬಿದ್ದು, ಎದ್ದು, ಊರಿಗೆ ಹೋಗಿಯಾಗಿತ್ತು. ಮಾವ ಅವಳನ್ನೇ ನೋಡುತ್ತಿದ್ದರು.

"ಹೆದರಬೇಡಮ್ಮ, ಊರು ಓದೋ ಹಾಗೆಲ್ಲ ಬರೆಯೋಲ್ಲ. ಮುಖಕ್ಕೇ ಹೇಳ್ತೀನಿ," ಎಂದರು ಬಹಳ ಮರ್ಯಾದೆಯಿಂದ. "ಎರಡು ನಕ್ಷತ್ರ. ಥರ್ಡ್ ಕ್ಲಾಸು. ಆದ್ರೂ ಪಾಸಾಗಿದ್ದೀಯ, ನಾಳೆಯಿಂದ ನೀನೇ ಕೂತ್ಕೋ."